ಜಮಖಾನೆಯ ಮೇಲೊಂದು ಲ್ಹೋಟಾ

ಸೌದಿಯ ಯಾನ್ಬುವಿನ ನಮ್ಮ ಹಳೆಯ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕೆಂಪು ಜಮಖಾನೆ ಹಾಸಿತ್ತು. ವಾರವಿಡೀ ಅದು ಬರೀ ಜಮಖಾನೆ. ಶುಕ್ರವಾರ ಮಧ್ಯಾಹ್ನ ಊಟ ಮುಗಿದು, ಉಮ್ಮ ಎಂಜಲು ತೆಗೆದು ಹೋದ ಮೇಲೆ ಮಾತ್ರ ಅದು ಊರಾಗುತ್ತಿತ್ತು. ನಡುವಿನ ನೀಲಿ ಹೂವಿನ ಬಲಕ್ಕೆ ಬಾಪ ಒಂದು ಸ್ಟೀಲ್ ತಟ್ಟೆ ಕವುಚಿ ಹಾಕುತ್ತಿದ್ದರು, ಅದು ಕೆರೆ. ಆಗಷ್ಟೇ ತಿಂದ ಖರ್ಜೂರದ ಬೀಜಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರೆ ಕೆರೆಯ ಏರಿ, ಏರಿಯ ಮೇಲಿನ ಓಕ್ ಮರಗಳು. ಟೀಪಾಯಿ ಪುಟ್ಟ ಇಗರ್ಜಿ. ಬಾಗಿಲ ಬಳಿಯ ಚಪ್ಪಲಿ ಗೂಡು ರೈಲು ನಿಲ್ಲುವ ಜಾಗ. ಎದುರು ಬದಿಯಲ್ಲಿ ಹಸಿರು ಪರದೆ ಇಳಿಬಿಟ್ಟ ಕಿಟಕಿ ಇತ್ತು, ಅದು ಕಾಡು. ಕಾಡಿನಿಂದ ಹೊರಟು ಇಗರ್ಜಿಯ ಬದಿಯಿಂದ ಕೆರೆಗೆ ಬೀಳುವ ತೋಡು ಬಾಪನ ಚೌಕುಳಿ ರುಮಾಲು. ಕೆರೆಗೂ ಇಗರ್ಜಿಗೂ ನಡುವೆ ಒಂದು ಹಳದಿ ದಿಂಬು ಇರುತ್ತಿತ್ತು. ಅದು ಲೆಂಕಾಳ ಮನೆ. ನಾನು ಹೋಗಿ ಹೋಗಿ ಆ ದಿಂಬಿನ ಮೇಲೆಯೇ ಕುಳಿತುಕೊಳ್ಳುತ್ತಿದ್ದೆ.

ಊರಿನ ಹೆಸರು ಲ್ಹೋಟಾ. ಚೆಕ್ ದೇಶದ ಗಡಿಯ ಹತ್ತಿರ, ಎರಡು ಇಳಿಜಾರುಗಳ ನಡುವೆ ಬಟ್ಟಲಿನ ಹಾಗೆ ಕುಳಿತ ಸಣ್ಣ ಹಳ್ಳಿ. ಅದು ನಮ್ಮ ಮನೆಗೆ ಬಂದದ್ದು ಮಿರೆಕ್ ಅವರಿಂದ. ಬಾಪ ಸಮುದ್ರದ ನೀರಿನ ಉಪ್ಪು ತೆಗೆಯುವ ಕಾರ್ಖಾನೆಯಲ್ಲಿ ಪಂಪ್ ಫಿಟ್ಟರ್. ಮಿರೆಕ್ ಅಲ್ಲಿಯ ಇಂಜಿನಿಯರ್. ಇಬ್ಬರೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಒಳಗಿನ ಬೇರಿಂಗ್ ನರಳುತ್ತಿದೆಯೇ ಎಂದು ಕೇಳುವವರು. ಮೀಟರುಗಳಿದ್ದರೂ ಹಾಗೆ ಕೇಳುವವರು ಆ ಪಾಳಿಯಲ್ಲಿ ಇವರಿಬ್ಬರೇ ಇದ್ದರಂತೆ, ಸ್ನೇಹ ಅಲ್ಲಿಂದ ಶುರುವಾಯಿತು. ಮಿರೆಕ್ ಹೆಂಡತಿಯನ್ನೂ ಮಗಳು ಲೆಂಕಾಳನ್ನೂ ಊರಲ್ಲಿ ಬಿಟ್ಟು ಒಬ್ಬರೇ ಬಂದಿದ್ದರು. ಬಾಪ ಅವರನ್ನು ಒಂದು ಶುಕ್ರವಾರ ಊಟಕ್ಕೆ ಕರೆತಂದರು. ಆಮೇಲೆ ಅವರು ಬಾರದ ಶುಕ್ರವಾರವೇ ಇರಲಿಲ್ಲ.

ಇಬ್ಬರ ನಡುವಿನ ಭಾಷೆ ಯಾವುದು ಎಂದು ಹೇಳುವುದು ಕಷ್ಟ. ಅರ್ಧ ಇಂಗ್ಲಿಷು, ಉಳಿದರ್ಧಕ್ಕೆ ಕೆಲಸದ ಜಾಗದ ಹಿಂದಿ ಮತ್ತು ಅರಬಿ. ಮಿರೆಕ್ ಕೈಯಲ್ಲಿ ಗುಡ್ಡ ಕೆತ್ತಿ, ಬೆರಳಲ್ಲಿ ಹೊಳೆ ಹರಿಸಿ ಹೇಳುತ್ತಿದ್ದರು. ಬಾಪ ಅದನ್ನು ನಮ್ಮ ಮನೆಮಾತಾದ ಬ್ಯಾರಿಗೆ ತಿರುಗಿಸಿ ನಮಗೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಬಾಪನೇ ಆ ಊರಲ್ಲಿ ಹುಟ್ಟಿದವರ ಹಾಗೆ ಆಗಿಬಿಟ್ಟರು. ಮಿರೆಕ್ ಬಾಯಿ ತೆರೆಯುವ ಮೊದಲೇ, ಆ ತಿರುವಿನಲ್ಲಿ ಒಂದು ಲಿಂಡನ್ ಮರ ಉಂಟು, ಅದರ ಹೂವಿನ ಕಷಾಯ ಕೆಮ್ಮಿಗೆ ಒಳ್ಳೆಯದು, ಎಂದುಬಿಡುತ್ತಿದ್ದರು. ಮಿರೆಕ್ ತಲೆಯಾಡಿಸಿ ಮೀನಿನ ಗಸಿಗೆ ಕೈ ಹಾಕುತ್ತಿದ್ದರು. ಉಮ್ಮನ ಗಸಿ ಅವರಿಗೆ ಖಾರ. ಕಣ್ಣೀರು ಸುರಿಸುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಒಮ್ಮೆ ರಜೆಯಿಂದ ಮರಳುವಾಗ ಅವರು ಲ್ಹೋಟಾದ ಕಾಡಿನ ಒಣ ಅಣಬೆ ತಂದುಕೊಟ್ಟರು. ಲೆಂಕಾ ತಾನೇ ಆರಿಸಿದ್ದಂತೆ. ಉಮ್ಮ ಅದನ್ನು ಮೂಸಿ ನೋಡಿ ಇದು ಒಣ ಸಿಗಡಿಯ ಜಾತಿಯದೇ ಏನೋ ಎಂದುಕೊಂಡರು. ಹುರಿದು, ಕೆಂಪು ಮೆಣಸು, ಹುಣಸೆ, ತೆಂಗಿನಕಾಯಿ ಹಾಕಿ ಅರೆದು ಚಟ್ನಿ ಮಾಡಿ ಬಡಿಸಿದರು. ಮಿರೆಕ್ ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನೇ ನೋಡಿದರು. ಆಮೇಲೆ, ನನ್ನ ಅಜ್ಜಿ ಇದನ್ನು ನೋಡಿದ್ದರೆ ಅಳುತ್ತಿದ್ದಳು ಎಂದರು. ಉಮ್ಮ ಅದನ್ನು ಹೊಗಳಿಕೆ ಎಂದು ತಿಳಿದು ಇನ್ನೊಂದು ಚಮಚ ಬಡಿಸಿದರು.

ಊರಿಗೆ ಆ ಹೆಸರು ಹೇಗೆ ಬಂತು ಎಂಬ ಕತೆ ಬಾಪನಿಗೆ ಬಹಳ ಪ್ರಿಯ. ಬಹಳ ಹಿಂದೆ ಅಲ್ಲೆಲ್ಲ ಕಾಡು. ಕಾಡು ಕಡಿದು ಗದ್ದೆ ಮಾಡಲು ಜಮೀನಿನ ಧಣಿಗಳು ಹೊರಗಿನವರನ್ನು ಕರೆಸುತ್ತಿದ್ದರಂತೆ. ಬಂದವರಿಗೆ ಒಂದು ಗಡುವು. ಅದು ಮುಗಿಯುವವರೆಗೆ ಗೇಣಿ ಇಲ್ಲ, ತೆರಿಗೆ ಇಲ್ಲ. ಆ ಗಡುವಿಗೇ ಅವರ ಹಳೆಯ ಮಾತಿನಲ್ಲಿ ಲ್ಹೋಟಾ ಎನ್ನುತ್ತಿದ್ದರು. ಗಡುವಿನ ಮೇಲೆ ಹುಟ್ಟಿದ ಹಳ್ಳಿಗಳಿಗೆಲ್ಲ ಅದೇ ಹೆಸರಾಯಿತು, ದೇಶದ ತುಂಬ ಲ್ಹೋಟಾಗಳು. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ನವೀಕರಿಸುವ ಸಮಯ ಬಂದಾಗಲೆಲ್ಲ ಬಾಪ ಇದನ್ನು ನೆನೆಯುತ್ತಿದ್ದರು.

"ಅವರದ್ದು ಗಡುವು ಮುಗಿದ ಮೇಲೆ ಊರಾಯಿತು. ನಮ್ಮದು ಗಡುವು ಮುಗಿದರೆ ಎಕ್ಸಿಟ್."

ಆಮೇಲೆ ಯಾರೋ ಧಣಿ ತೋಡಿಗೆ ಅಡ್ಡಕಟ್ಟಿ ಕೆರೆ ಮಾಡಿಸಿದ, ಏರಿ ಕುಸಿಯದಿರಲೆಂದು ಓಕ್ ಗಿಡ ನೆಡಿಸಿದ. ಒಂದು ಯುದ್ಧದಲ್ಲಿ ಇಗರ್ಜಿಯ ಗಂಟೆಯನ್ನು ಇಳಿಸಿಕೊಂಡು ಹೋಗಿ ಕರಗಿಸಿದರು. ಇನ್ನೊಂದು ಯುದ್ಧ ಮುಗಿದ ಮೇಲೆ ಹಳ್ಳಿಯಲ್ಲಿದ್ದ ಜರ್ಮನ್ ಮಾತಾಡುವವರನ್ನೆಲ್ಲ ಕೈಗೆ ಸಿಕ್ಕಷ್ಟು ಗಂಟು ಕಟ್ಟಿಸಿ ರೈಲು ಹತ್ತಿಸಿದರು, ಖಾಲಿ ಮನೆಗಳಿಗೆ ಬೇರೆ ಕಡೆಯ ಬಡವರನ್ನು ತಂದು ತುಂಬಿದರು. ಆಮೇಲೆ ಸರಕಾರ ಎಲ್ಲರ ಗದ್ದೆಯ ಬದುಗಳನ್ನು ಉತ್ತು ಒಂದೇ ಹೊಲ ಮಾಡಿತು. ಇಷ್ಟನ್ನೂ ಬಾಪ ರುಮಾಲು ಸರಿಸುತ್ತ, ಖರ್ಜೂರದ ಬೀಜ ಎತ್ತಿಡುತ್ತ ಹೇಳುತ್ತಿದ್ದರು. ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸಿದ ಯಾವ ಮಿಸ್ಸೂ ಹಾಗೆ ಕಲಿಸಲಿಲ್ಲ. ಬೇರೆ ಯಾವುದಾದರೂ ಊರಿನ ಬಗ್ಗೆಯಾಗಿದ್ದರೆ ನಾನೂ ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದೆನೋ ಏನೋ. ಆದರೆ ಆ ಊರಿನಲ್ಲಿ ಲೆಂಕಾ ಇದ್ದಳು.

ಅವಳು ನನ್ನದೇ ಪ್ರಾಯದವಳು. ಒಬ್ಬಳೇ ಕಾಡಿಗೆ ಹೋಗಿ ಅಣಬೆ ತರುತ್ತಾಳೆ. ಒಬ್ಬಳೇ ರೈಲು ಹತ್ತಿ ಶಾಲೆಗೆ ಹೋಗುತ್ತಾಳೆ. ಚಳಿಯಲ್ಲಿ ಗಟ್ಟಿಯಾದ ಕೆರೆಯ ಮೇಲೆ ಜಾರುತ್ತಾಳೆ, ಬೇಸಿಗೆಯಲ್ಲಿ ಅದೇ ಕೆರೆಯಲ್ಲಿ ಈಜುತ್ತಾಳೆ. ಕ್ರಿಸ್ಮಸ್ಸಿಗೆ ಮೊದಲು ಅವರ ಮನೆಯ ಸ್ನಾನದ ತೊಟ್ಟಿಯಲ್ಲಿ ಕೆರೆಯ ಮೀನನ್ನು ಜೀವಂತ ಬಿಡುತ್ತಾರೆ, ಅವಳು ಅದಕ್ಕೆ ಹೆಸರಿಡುತ್ತಾಳೆ, ಆಮೇಲೆ ತಿನ್ನುವ ದಿನ ಅಳುತ್ತಾಳೆ. ನಾನು ಕೆಳಗಿನ ಬಕಾಲಾ ಅಂಗಡಿಗೆ ಒಂದು ಮೊಸರಿನ ಡಬ್ಬ ತರಲು ಹೋಗಬೇಕಿದ್ದರೂ ತಮ್ಮ ಜೊತೆಗೆ ಬರಬೇಕಿತ್ತು, ಅವನು ನನಗಿಂತ ಗಿಡ್ಡ. ಒಮ್ಮೆ ನಾನೂ ಬಾಪನಲ್ಲಿ, ಜೀವಂತ ಹಮೂರ್ ಮೀನು ತಂದು ನಮ್ಮ ತೊಟ್ಟಿಯಲ್ಲಿ ಬಿಡಿ ಎಂದು ಹಟ ಹಿಡಿದೆ. ಉಮ್ಮ ಒಳಗಿನಿಂದಲೇ, ಅದರ ಜೊತೆಗೆ ನಿನ್ನನ್ನೂ ಅಲ್ಲೇ ಬಿಡುತ್ತೇನೆ ಎಂದರು. ಬಾಪ ನಕ್ಕರು. ಲೆಂಕಾಳ ಮೀನಿನ ಕತೆ ಹೇಳುವಾಗ ಅವರ ಮುಖ ಇನ್ನೊಂದು ಬಗೆಯಾಗಿರುತ್ತಿತ್ತು. ಆ ಮುಖ ನನಗೆ ಬೇಕಿತ್ತು. ಪರೀಕ್ಷೆಯಲ್ಲಿ ಮೊದಲು ಬಂದರೂ ಅದು ಸಿಗಲಿಲ್ಲ, ಕುರ್‌ಆನಿನ ಯಾಸೀನ್ ಅಧ್ಯಾಯ ಬಾಯಿಪಾಠ ಒಪ್ಪಿಸಿದರೂ ಸಿಗಲಿಲ್ಲ.

ಒಂದು ಶುಕ್ರವಾರ ಮಿರೆಕ್ ಅವರೇ ಹೇಳಿದರು, ಅವರ ಮನೆ ಮೊದಲು, ಹಾಗೆ ರೈಲು ಹತ್ತಿಸಿ ಕಳಿಸಿದ ಒಬ್ಬ ಜರ್ಮನ್ ರೈತನದ್ದಾಗಿತ್ತು. ಅವರ ಅಜ್ಜಿ ಒಳಗೆ ಕಾಲಿಟ್ಟ ದಿನ ಒಲೆಯ ಮೇಲೆ ಪಾತ್ರೆ ಹಾಗೆಯೇ ಇತ್ತಂತೆ, ಮಗುವಿನ ಒಂದು ಬೂಟು ಮೆಟ್ಟಿಲ ಮೇಲೆ ಬಿದ್ದಿತ್ತಂತೆ. ಅಜ್ಜಿ ಆ ಬೂಟನ್ನು ಎಸೆಯಲು ಯಾರನ್ನೂ ಬಿಡಲಿಲ್ಲ. ನಾನು ಹಳದಿ ದಿಂಬಿನ ಮೇಲೆ ಕುಳಿತೇ ಇದನ್ನೆಲ್ಲ ಕೇಳಿದೆ. ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ. ಮಿರೆಕ್ ಹೊರಟು ಹೋಗುವುದನ್ನೇ ಕಾದು ಬಾಪನಿಗೆ ಹೇಳಿದೆ.

"ಹಾಗಾದರೆ ಅದು ಲೆಂಕಾಳ ಮನೆಯೇ ಅಲ್ಲ."

ಬಾಪ ಖರ್ಜೂರದ ಬೀಜಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಇದೂ ನಮ್ಮದಲ್ಲ ಮಗಳೇ. ನೀರಿನ ಬಿಲ್ ಮಾತ್ರ ನಮ್ಮದು."

ಉಮ್ಮನ ಹೊಟ್ಟೆಕಿಚ್ಚು ನನ್ನದರ ಹಾಗೆ ಒಳಗೆ ಕುಳಿತುಕೊಳ್ಳುವಂಥದಲ್ಲ. ಅವರು ಲ್ಹೋಟಾವನ್ನು ಸವತಿ ಎಂದೇ ಕರೆಯುತ್ತಿದ್ದರು. ವಾರಕ್ಕೊಂದು ರಜೆ, ಅದನ್ನೂ ಅವಳ ಮಡಿಲಿಗೇ ಹಾಕುತ್ತಾರೆ, ನಮಗೆ ಸಮುದ್ರದ ಬದಿಗೆ ಹೋಗಿ ಒಂದು ಐಸ್‌ಕ್ರೀಮ್ ತಿನ್ನುವ ಯೋಗವೂ ಇಲ್ಲ ಎಂದು ಪಕ್ಕದ ಮನೆಯ ಭಟ್ಕಳದ ಹೆಂಗಸಿನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಚಹಾದ ಟ್ರೇ ಹಿಡಿದು ಬರುವಾಗ ಗೋಡೆಯ ಬದಿಯಿಂದ ಬರಲು ಜಾಗವಿದ್ದರೂ ಬರುತ್ತಿರಲಿಲ್ಲ. ನೇರವಾಗಿ ಕೆರೆಯ ಏರಿ ಒಡೆದು, ತೋಡು ತುಳಿದು, ಇಗರ್ಜಿಯ ಮೇಲೆ ಟ್ರೇ ಇಡುತ್ತಿದ್ದರು. ಖರ್ಜೂರದ ಬೀಜ ಮೂಲೆಗೆ ಹಾರುತ್ತಿತ್ತು.

"ಸ್ವಲ್ಪ ನೋಡಿ ಕಾಲಿಡು ಮಾರಾಯ್ತಿ. ಅಲ್ಲಿ ಜನ ಇದ್ದಾರೆ."

"ಇಲ್ಲಿಯೂ ಜನ ಇದ್ದಾರೆ. ಅದು ನಿಮಗೆ ಗೊತ್ತುಂಟಾ?"

ಬಾಪ ಮತ್ತೆ ಏರಿ ಕಟ್ಟುತ್ತಿದ್ದರು. ಮಿರೆಕ್ ಅವರಿಗೆ ಮಾತು ಅರ್ಥವಾಗುತ್ತಿರಲಿಲ್ಲ, ವಿಷಯ ಅರ್ಥವಾಗುತ್ತಿತ್ತು. ಚಹಾದ ಲೋಟ ಎತ್ತಿಕೊಂಡು ಉಮ್ಮನಿಗೆ ಎರಡು ಸಲ ಶುಕ್ರನ್ ಎಂದು ಉಪಕಾರ ಹೇಳುತ್ತಿದ್ದರು.

ಉಮ್ಮ ಅಷ್ಟು ಸಿಟ್ಟಾಗಲು ಒಂದು ಕಾರಣವಿತ್ತು ಎಂದು ನನಗೆ ಈಗ ಅನಿಸುತ್ತದೆ. ಬಾಪನಿಗೂ ಒಂದು ಊರಿತ್ತು. ನೇತ್ರಾವತಿಯ ನಡುವಿನ ಒಂದು ಕುದ್ರು, ಸುತ್ತಲೂ ಹೊಳೆ ಇರುವ ಸಣ್ಣ ದ್ವೀಪ. ಬಾಪ ಕೊಲ್ಲಿಗೆ ಬಂದ ಹೊಸತರಲ್ಲಿ ಹೊಳೆಯ ತಳದ ಮರಳು, ಹೊಯಿಗೆ, ತೆಗೆದು ತೆಗೆದು ಕುದ್ರುವಿನ ದಂಡೆ ಜರಿಯತೊಡಗಿತು, ಒಂದು ಮಳೆಗಾಲ ಅವರ ಮನೆ ಹೊಳೆಗೆ ಹೋಯಿತು. ಬಾಪನಿಗೆ ರಜೆ ಸಿಗಲಿಲ್ಲ. ಬಾಪನ ಉಮ್ಮ ದಡದ ಈಚೆ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ನಮಗೆ ತಿಳಿದದ್ದು ಇಷ್ಟೇ, ಅದೂ ಬಾಪನಿಂದಲ್ಲ, ಸಂಬಂಧಿಕರಿಂದ. ಉಮ್ಮ ಮಂಗಳೂರಿನ ಬಂದರಿನ ಕಡೆಯವರು, ಮದುವೆಯಾಗಿ ಬರುವಾಗ ಆ ಮನೆ ಇರಲೇ ಇಲ್ಲ. ಊರಿಗೆ ಹೋದಾಗಲೆಲ್ಲ ಸೇತುವೆ ದಾಟುವಾಗ ಉಮ್ಮ ಕಿಟಕಿಯಿಂದ ಕೆಳಗೆ ನೋಡಿ, ಇವುಗಳಲ್ಲಿ ನಿಮ್ಮದು ಯಾವುದು ಎಂದು ಕೇಳುವರು. ಬಾಪ ಎದುರಿನ ಲಾರಿಯನ್ನು ನೋಡುತ್ತ, ಅಲ್ಲಿ ಎಂತ ಉಂಟು, ನೀರು, ಎನ್ನುವರು. ಅಲ್ಲಿಗೆ ಮಾತು ಮುಗಿಯಿತು. ಹೆಂಡತಿಗೆ ತನ್ನ ಊರನ್ನು ತೋರಿಸದ ಗಂಡ ಇನ್ನೊಬ್ಬನ ಊರನ್ನು ಮನೆಯೊಳಗೆ ಹಾಸಿ ಕುಳಿತರೆ, ಯಾರಾದರೂ ತುಳಿಯುತ್ತಾರೆ.

ನನಗೆ ಹನ್ನೆರಡಾಗುವ ಹೊತ್ತಿಗೆ ಮಿರೆಕ್ ಅವರ ಕೆಲಸ ಮುಗಿಯಿತು, ಹೊರಟುಹೋದರು. ಮರುವರ್ಷ ನಾವಿದ್ದ ಕಟ್ಟಡವನ್ನು ಕೆಡವುತ್ತೇವೆಂದು ಮಾಲೀಕರು ಬಿಡಿಸಿದರು. ಹೊಸ ಮನೆಯಲ್ಲಿ ಜಮಖಾನೆ ಹಾಸಿದರೂ ಬಾಪ ಅದರ ಮೇಲೆ ತಟ್ಟೆ ಕವುಚಲಿಲ್ಲ. ಮಿರೆಕ್ ಅವರ ಕಾಗದಗಳು ಕೆಲವು ಕಾಲ ಬಂದವು, ಆಮೇಲೆ ನಿಂತವು. ಶುಕ್ರವಾರ ಬಾಪ ಊಟ ಮಾಡಿ ಗೋಡೆಗೆ ಮುಖ ಹಾಕಿ ಮಲಗುತ್ತಿದ್ದರು. ಉಮ್ಮನಿಗೆ ಗೆದ್ದ ಹಾಗಾಗಬೇಕಿತ್ತು, ಆಗಲಿಲ್ಲ. ನನಗೂ ಇಲ್ಲ. ದಿಂಬು ನನ್ನದೇ ಆಗಿತ್ತು, ಆದರೆ ಅದರ ಮೇಲೆ ಕುಳಿತರೆ ಬರೀ ದಿಂಬು.

ಈ ವರ್ಷ ಬಾಪ ತೀರಿಹೋದರು. ಕೆಲಸ ಬಿಟ್ಟು, ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆಸಿ, ಉಮ್ಮನೊಂದಿಗೆ ಊರಿಗೆ ಮರಳುವ ತಯಾರಿಯಲ್ಲಿದ್ದರು. ಕಾರ್ಗೋದ ಪೆಟ್ಟಿಗೆಗಳನ್ನು ಕಟ್ಟಿಯಾಗಿತ್ತು, ಜಮಖಾನೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿಯಾಗಿತ್ತು. ಯಾನ್ಬುವಿನ ಖಬರಸ್ತಾನದಲ್ಲಿ ದಫನ್ ಮಾಡಿದರು. ಇಲ್ಲಿಯ ಪದ್ಧತಿಯಂತೆ ತಲೆಯ ಬದಿಗೆ ಒಂದು ಕಲ್ಲು, ಹೆಸರು ಇಲ್ಲ. ಹೆಂಗಸರು ಅಲ್ಲಿಗೆ ಹೋಗುವ ಹಾಗಿಲ್ಲ, ತಮ್ಮ ಬಂದು, ಮೂರನೇ ಸಾಲಿನಲ್ಲಿ, ಬೂದು ಕಲ್ಲು, ಎಂದ. ನಾನು ದೇಶದ ಇನ್ನೊಂದು ತುದಿಯ ಖತೀಫಿನಲ್ಲಿ ಗಂಡ ಮಕ್ಕಳನ್ನು ಬಿಟ್ಟು ಉಮ್ಮನ ಇದ್ದತ್ತಿನ ದಿನಗಳಿಗೆ ಜೊತೆಯಾಗಿರಲು ಬಂದೆ. ಗಂಡ ತೀರಿದ ಹೆಂಗಸು ಆ ನಾಲ್ಕು ತಿಂಗಳು ಚಿಲ್ಲರೆ ಹೊಸಿಲು ದಾಟುವ ಹಾಗಿಲ್ಲ. ಉಮ್ಮ ಬಿಳಿ ಬಟ್ಟೆ ಉಟ್ಟು, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕುಳಿತಿರುತ್ತಿದ್ದರು. ಬಾಪನ ಜೊತೆ ಕೆಲಸ ಮಾಡಿದವರು ಬಂದು ಬಾಪನ ಬಗ್ಗೆ ನಮಗೆ ಗೊತ್ತಿಲ್ಲದ ಸಂಗತಿಗಳನ್ನು ಹೇಳಿ ಅತ್ತು ಹೋಗುತ್ತಿದ್ದರು. ಅವರ ಅಳು ನೋಡಿ ನನಗೆ ಸಮಾಧಾನ ಆಗುತ್ತಿರಲಿಲ್ಲ, ಮತ್ಸರವಾಗುತ್ತಿತ್ತು. ನನ್ನ ಹತ್ತಿರ ಹೇಳಿ ಅಳಲು ಅಷ್ಟು ಬಾಪ ಇರಲಿಲ್ಲ.

ಒಂದು ಬೆಳಿಗ್ಗೆ ಉಮ್ಮ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ಬಾಪ ಹೋದ ಸುದ್ದಿ ಎಲ್ಲರಿಗೂ ಮುಟ್ಟಿತಾ ಎಂದು ಕೇಳಿದರು. ಮುಟ್ಟಿತು ಎಂದೆ.

"ನನ್ನ ಸವತಿಗೆ ಮುಟ್ಟಿಲ್ಲ. ಆ ಮನುಷ್ಯನನ್ನು ಹುಡುಕು. ಅಷ್ಟು ವರ್ಷ ನನ್ನ ಕೈಯಲ್ಲಿ ಉಂಡವ. ಸುದ್ದಿ ತಿಳಿಯದೆ ಇರಬಾರದು."

ಹಳೆಯ ವಿಳಾಸ ಎಲ್ಲೂ ಸಿಗಲಿಲ್ಲ. ಮಿರೆಕ್ ಎನ್ನುವುದು ಬರೀ ಕರೆಯುವ ಹೆಸರು, ಪೂರ್ತಿ ಹೆಸರು ಉಮ್ಮನಿಗೂ ಗೊತ್ತಿಲ್ಲ. ಉಳಿದದ್ದು ಊರು. ಊರನ್ನು ನಾನು ಬಾಯಿಪಾಠ ಬಲ್ಲೆ, ಹುಡುಕುವುದು ಏನು ಮಹಾ ಎಂದುಕೊಂಡೆ. ಮೊಬೈಲಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ತೆರೆದು ಲ್ಹೋಟಾ ಎಂದು ಹಾಕಿದರೆ, ಬಾಪ ಹೇಳಿದ ಹಾಗೆಯೇ, ಒಂದಲ್ಲ ಎರಡಲ್ಲ, ಮಳೆಗೆ ಎದ್ದ ಅಣಬೆಯ ಹಾಗೆ ಲ್ಹೋಟಾಗಳು. ಒಂದೊಂದನ್ನೇ ನೋಡುತ್ತ ಹೋದೆ. ಬಾಪನ ಮಾತು ಕಿವಿಯಲ್ಲಿತ್ತು. ಕಿಬ್ಲದ ಕಡೆ ಕಾಡು. ಬೆನ್ನ ಹಿಂದೆ ರೈಲು. ಕಿಬ್ಲಕ್ಕೆ ಮುಖ ಮಾಡಿ ನಿಂತರೆ ಬಲಗೈ ಬದಿಗೆ ಕೆರೆ. ಕಿಬ್ಲ ಎಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಯಾನ್ಬುವಿನಲ್ಲಿ ಮಕ್ಕಾ ಇರುವುದು ದಕ್ಷಿಣಕ್ಕೆ. ಹಾಗಾಗಿ ದಕ್ಷಿಣಕ್ಕೆ ಕಾಡು, ಉತ್ತರಕ್ಕೆ ರೈಲು, ಪಶ್ಚಿಮಕ್ಕೆ ಕೆರೆ ಇರುವ ಲ್ಹೋಟಾವನ್ನು ಗಡಿಯುದ್ದಕ್ಕೂ ಹುಡುಕಿದೆ. ಕೆರೆ ಇದ್ದಲ್ಲಿ ರೈಲು ಇಲ್ಲ. ರೈಲು ಇದ್ದಲ್ಲಿ ಕಾಡು ತಪ್ಪಾದ ಬದಿಗೆ. ದಿನಗಟ್ಟಲೆ ಹುಡುಕಿ ಸಿಗದಿದ್ದಾಗ ನನಗೆ ಒಳಗೊಳಗೇ ಒಂದು ಬಗೆಯ ಖುಷಿಯಾಯಿತು ಎಂದೇ ಹೇಳಬೇಕು. ಊರೇ ಇಲ್ಲ. ಲೆಂಕಾ ಇಲ್ಲ. ಇಬ್ಬರು ಗಂಡಸರು ಸೇರಿ ಕಟ್ಟಿದ ಕತೆ. ಉಮ್ಮನಿಗೆ ಹಾಗೆಯೇ ಹೇಳಿದೆ, ಮೊಬೈಲನ್ನೂ ತೋರಿಸಿದೆ.

ಉಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ, ಕಾಡು ಯಾವ ಬದಿಗೆ ಎಂದು ಕೇಳಿದರು. ಕಿಬ್ಲದ ಕಡೆಗೆ ಎಂದೆ.

"ಕಾಡು ಅಂದರೆ ಆ ಹಸಿರು ಪರದೆಯ ಕಿಟಕಿ ಅಲ್ವಾ? ನಾನು ಆ ಪರದೆ ಎಂತಕ್ಕೆ ಹೊಲಿದದ್ದು ಗೊತ್ತುಂಟಾ ನಿನಗೆ? ಸಂಜೆಯ ಬಿಸಿಲು ನೇರ ಬಂದು ಸೋಫಾ ಸುಡುತ್ತಿತ್ತು. ಸಂಜೆಯ ಸೂರ್ಯ ಮಕ್ಕಾದಿಂದ ಬರುತ್ತದಾ?"

ಮಕ್ಕಳಿಗೆ ದಿಕ್ಕುಗಳಿರುವುದಿಲ್ಲ, ಮೂಲೆಗಳಿರುತ್ತವೆ. ಆ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಉಮ್ಮ ಆಗ ಹೇಳಿದರು. ನಮ್ಮ ಊರಲ್ಲಿ ಕಿಬ್ಲ ಎಂದರೆ ಪಡುವಣ, ಸಮುದ್ರದ ಬದಿ, ಸೂರ್ಯ ಮುಳುಗುವ ಬದಿ. ಕಿಬ್ಲದ ಗದ್ದೆ, ಕಿಬ್ಲದ ಬಾಗಿಲು, ಕಿಬ್ಲದ ಗಾಳಿ ಎಂದೇ ನಮ್ಮವರ ಮಾತು. ಯಾನ್ಬುವಿಗೆ ಬಂದರೂ ಸಮುದ್ರ ಪಡುವಣದಲ್ಲೇ ಇತ್ತು, ಸೂರ್ಯ ಅದರಲ್ಲೇ ಮುಳುಗುತ್ತಿದ್ದ. ಆ ಮನೆಗೆ ಬಂದ ಮೊದಲ ದಿನ ಬಾಪ ಕಿಟಕಿಗೆ ಮುಖ ಮಾಡಿ ನಮಾಜಿನ ಚಾಪೆ ಹಾಸಿದ್ದರಂತೆ. ಉಮ್ಮ ಚಾಪೆಯ ತುದಿ ಹಿಡಿದು ತಿರುಗಿಸಿದರು. ನಮಾಜಿಗೆ ನಿಲ್ಲುವಾಗ ಅವರು ಆಮೇಲೆ ಯಾವತ್ತೂ ತಪ್ಪಲಿಲ್ಲ. ಬಾಯಿ ಮಾತ್ರ ತಿರುಗಲಿಲ್ಲ.

"ಕೊನೆಯವರೆಗೂ ಫ್ರಿಜ್ಜನ್ನು ಕಿಬ್ಲದ ಬದಿಗೆ ತಳ್ಳು ಎನ್ನುತ್ತಿದ್ದರು. ನಾನು ಸಮುದ್ರದ ಬದಿಗೆ ತಳ್ಳುತ್ತಿದ್ದೆ. ಸರಿ ಎನ್ನುತ್ತಿದ್ದರು."

ಮೊಬೈಲನ್ನು ಕೈಗೆ ತೆಗೆದುಕೊಂಡು, ಪಶ್ಚಿಮಕ್ಕೆ ಕಾಡು, ಪೂರ್ವಕ್ಕೆ ರೈಲು, ಉತ್ತರಕ್ಕೆ ಕೆರೆ ಎಂದುಕೊಂಡು ಮತ್ತೆ ಹೋದೆ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆಗುವ ಮೊದಲೇ ಅದು ಸಿಕ್ಕಿತು. ತಟ್ಟೆ ಕವುಚಿದ ಹಾಗೆ ಕೆರೆ. ಅದರ ಅಂಚಿಗೆ ಖರ್ಜೂರದ ಬೀಜಗಳ ಹಾಗೆ ಮರಗಳ ಸಾಲು. ಕೆರೆಗೂ ಇಗರ್ಜಿಗೂ ನಡುವೆ ಒಂದು ಮನೆ, ಕೆಂಪು ಹಂಚಿನದು. ಹಳದಿ ಅಲ್ಲ. ಉಮ್ಮನಿಗೆ ತೋರಿಸಿದೆ. ಅವರು ಬೆರಳಿನಿಂದ ಒಂದು ಸಲ ಮುಟ್ಟಿದರು, ಚಿತ್ರ ದೊಡ್ಡದಾಗಿಬಿಟ್ಟಿತು, ಹೆದರಿ ಕೈ ತೆಗೆದರು.

ಆ ಹಳ್ಳಿಯ ಪಂಚಾಯತಿಯಂಥ ಕಚೇರಿಗೆ ನನ್ನ ನಂಬರು ಹಾಕಿ ಒಂದು ಇಮೇಲ್ ಬರೆದೆ. ವಾರದ ನಂತರ ವೀಡಿಯೊ ಕರೆ ಬಂತು. ನನ್ನದೇ ಪ್ರಾಯದ ಹೆಂಗಸು, ಮೋಟು ಕೂದಲು, ಕೈಗೆ ಹಿಟ್ಟು ಅಂಟಿತ್ತು. ನಾನು ಲೆಂಕಾ ಎಂದಳು. ಅವಳಿಗೂ ಹೊಟ್ಟೆ ಬಂದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಅಷ್ಟರಿಂದಲೇ ನನಗೆ ಸ್ವಲ್ಪ ಸಮಾಧಾನವಾಯಿತು. ಬಾಪ ಹೋದದ್ದನ್ನು ಹೇಳಿದೆ. ಅವಳು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಮರುಗಿ, ನೀವು ಆ ದ್ವೀಪದವರ ಮಗಳು ಅಲ್ಲವೇ ಎಂದು ಕೇಳಿದಳು. ಯಾವ ದ್ವೀಪ ಎಂದು ನಾನು ಕೇಳಿದೆ. ಅಪ್ಪ ರಜೆಗೆ ಬಂದಾಗಲೆಲ್ಲ ನನ್ನನ್ನು ಮಲಗಿಸಲು ಅದೇ ಕತೆ ಹೇಳುತ್ತಿದ್ದರು ಎಂದಳು. ಹೊಳೆಯ ನಡುವೆ ಒಂದು ದ್ವೀಪ, ಅಲ್ಲಿ ಒಬ್ಬ ಅಜ್ಜಿ, ಸಂಜೆ ದೋಣಿ ತಾಗುವ ಕಡವಿನಲ್ಲಿ ನಿಂತು ಬಾಯಿಗೆ ಎರಡೂ ಕೈ ಇಟ್ಟು ದೋಣಿಯವನನ್ನು ಕೂಗುತ್ತಾಳೆ. ಹಾಗೆಂದು ಲೆಂಕಾ ಹಿಟ್ಟಿನ ಕೈಗಳನ್ನು ಬಾಯಿಯ ಬದಿಗೆ ತಂದು, ಕೂ ಎಂದು ಮೆಲ್ಲಗೆ ಕೂಗಿ ತೋರಿಸಿದಳು. ಅದು ನನ್ನ ಬಾಪನ ಉಮ್ಮ. ನಾನು ಕಾಣದ, ನನ್ನನ್ನು ಕಾಣದ ನನ್ನ ಅಜ್ಜಿ, ವರ್ಷಗಟ್ಟಲೆ ಲೆಂಕಾಳನ್ನು ಮಲಗಿಸಿದ್ದರು. ದಿಂಬಿನ ಮೇಲೆ ಕುಳಿತ ಹುಡುಗಿಗೆ ಆದದ್ದು ಹೊಟ್ಟೆಕಿಚ್ಚೇ ಅಲ್ಲ, ಹೊಟ್ಟೆಕಿಚ್ಚು ಎಂದರೆ ಇದು ಎಂದು ನನಗೆ ಆಗ ಗೊತ್ತಾಯಿತು.

ಅವಳು ಮೊಬೈಲನ್ನು ಒಳಗೆ ಒಯ್ದು ಅಪ್ಪನ ಕೈಗೆ ಕೊಟ್ಟಳು. ಮಿರೆಕ್ ಬಹಳ ಮುದುಕರಾಗಿದ್ದರು, ಕಿವಿಗೆ ಯಂತ್ರ ಹಾಕಿದ್ದರು. ಪಂಪಿನ ಒಳಗಿನ ನರಳಾಟ ಕೇಳುತ್ತಿದ್ದ ಕಿವಿ. ಬಾಪನ ಹೆಸರು ಕೇಳಿ ಮುಖ ಆಚೆ ತಿರುಗಿಸಿ ಕುಳಿತರು. ಅವರು ತಿರುಗಿದ ಮೇಲೆ ನಾನು ಕೇಳಿದ್ದು ಒಂದೇ, ಬಾಪ ಇದನ್ನು ನಮಗೆ ಏಕೆ ಹೇಳಲಿಲ್ಲ. ಅವರ ಆ ಕಲಸು ಮಾತನ್ನು ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ನಾನೂ ಕೇಳಿದ್ದೆ. ಮಕ್ಕಳಿಗೆ ಹೇಳಿದರೆ ತೋರಿಸು ಎನ್ನುತ್ತಾರೆ, ನೀನು ಹಾಗೆ ಕೇಳುವುದಿಲ್ಲ ಎಂದ."

ಪಂಪ್ ಹೌಸಿನಲ್ಲಿ, ರಾತ್ರಿ ಪಾಳಿಯಲ್ಲಿ, ಅವರು ಊರು ಬದಲಾಯಿಸಿಕೊಳ್ಳುತ್ತಿದ್ದರಂತೆ. ಇವರು ಒಂದು ಮನೆ ಹೇಳಿದರೆ ಬಾಪ ಒಂದು ಮನೆ. ಇವರ ಅಜ್ಜಿಗೆ ಆ ಅಜ್ಜಿ. ರೈಲು ಹತ್ತಿಸಿದವರ ಕತೆಗೆ ಹೊಳೆಗೆ ಹೋದ ಮನೆಯ ಕತೆ. ಶುಕ್ರವಾರ ನಮ್ಮ ಜಮಖಾನೆಗೆ ಬರುತ್ತಿದ್ದದ್ದು ಆ ವ್ಯಾಪಾರದ ಅರ್ಧ ಭಾಗ ಮಾತ್ರ. ಇನ್ನರ್ಧ ಹಿಮದ ನಾಡಿನಲ್ಲಿ ಒಬ್ಬ ಹುಡುಗಿಯ ಹಾಸಿಗೆಯ ಬದಿಗೆ ಹೋಗಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು, ಬಾಪನ ಮೇಲೂ ಬಂತು. ಆದರೆ ನನ್ನದು ಅವರ ಹತ್ತಿರ ಇತ್ತು. ಕೇಳದೆ ಬೇರೆ ದಾರಿ ಇರಲಿಲ್ಲ.

"ಅಂಕಲ್, ಅದನ್ನು ನನಗೆ ಹೇಳುತ್ತೀರಾ? ಮೊದಲಿನಿಂದ."

ನಾನು ಮೂಲೆಯಲ್ಲಿದ್ದ ಜಮಖಾನೆಯ ಹಗ್ಗ ಬಿಚ್ಚಿ, ಪೆಟ್ಟಿಗೆಗಳನ್ನು ಗೋಡೆಗೆ ತಳ್ಳಿ, ಹಾಸಿದೆ. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟೆ. ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಎರಡೂ ಬದಿಗೆ ನೀರು. ಮಳೆಯಲ್ಲಿ ಸಿಹಿ, ಬೇಸಿಗೆಯಲ್ಲಿ ಸಮುದ್ರ ಏರಿ ಬಂದು ಉಪ್ಪು. ನಡುವೆ ಒಂದು ಬಾವಿ, ಅದು ಯಾವ ಕಾಲದಲ್ಲೂ ಸಿಹಿ. ನಾನು ಅಡುಗೆಮನೆಯಿಂದ ಒಂದು ಬಟ್ಟಲು ತಂದು ಬಾವಿ ಇಟ್ಟೆ. ಬಾವಿಯ ಬದಿಗೆ ಮನೆ, ಮನೆಯ ಮುಂದೆ ತೆಂಗಿನ ನಾರು ಕೊಳೆಹಾಕುವ ಹೊಂಡ, ಅದರ ವಾಸನೆಗೆ ಮದುಮಕ್ಕಳು ಮೂಗು ಮುಚ್ಚುತ್ತಿದ್ದರು. ದಂಡೆ ಮೊದಲು ಜರಿದದ್ದು ಕಿಬ್ಲದ ಬದಿಗೆ ಎಂದರು. ನನ್ನ ಕೈ ನಿಂತಿತು. ಯಾವ ಕಿಬ್ಲ ಎಂದು ಕೇಳಿದೆ. ಮುದುಕರು ಕಣ್ಣು ಬಿಟ್ಟರು.

"ನಿನ್ನ ಬಾಪನದ್ದು. ಸೂರ್ಯ ಮುಳುಗುವ ಕಡೆ."

ನಾನು ಜಮಖಾನೆಯ ಆ ಅಂಚನ್ನು ಒಳಕ್ಕೆ ಮಡಚಿದೆ. ಅಷ್ಟು ಹೋಗಿದೆ ಎಂದು ಗುರುತಿಗೆ. ಎದುರು ಬದಿಗೆ ಕಡವು, ಬಾಪನ ಉಮ್ಮ ನಿಂತು ಕೂಗುವ ಜಾಗ. ಅಲ್ಲಿ ಇಡಲು ಏನೂ ಕೈಗೆ ಸಿಗದೆ ಹಿಂದಿನ ಆ ಹಳದಿ ದಿಂಬನ್ನೇ ಇಟ್ಟೆ, ಅದರ ಬಟ್ಟೆ ಎಷ್ಟೋ ಸಲ ಬದಲಾಗಿತ್ತು, ಹತ್ತಿ ಅದೇ. ಅಷ್ಟರಲ್ಲಿ ಉಮ್ಮ ಚಹಾದ ಟ್ರೇ ಹಿಡಿದು ಬಂದರು. ಮಿರೆಕ್ ಅವರ ದನಿ ಗುರುತಿಸಿದ್ದರು, ರೂಢಿಯಂತೆ ಒಂದು ಲೋಟ ಹೆಚ್ಚಿಗೆ ಇಟ್ಟಿದ್ದರು. ಬಿಳಿ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಬಂದವರು ಜಮಖಾನೆಯ ಅಂಚಿನಲ್ಲಿ ನಿಂತರು. ಬಟ್ಟಲನ್ನು ನೋಡಿದರು, ಮಡಚಿದ ಅಂಚನ್ನು ನೋಡಿದರು. ಒಂದು ಕಾಲು ಎತ್ತಿದವರು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು.

"ಎಲ್ಲಿ ಕಾಲಿಡಲಿ?" ಎಂದು ಕೇಳಿದರು.

ನಾನು ದಿಂಬನ್ನು ಸ್ವಲ್ಪ ಸರಿಸಿ ಕಡವು ತೋರಿಸಿದೆ. ಉಮ್ಮ ಅಲ್ಲಿಂದ ಹತ್ತಿ ಬಂದರು.